ಕಲಬುರಗಿಗೆ ಬರುವ ಅತಿಥಿಗಳನ್ನು ಊಟಕ್ಕೆ ಎಲ್ಲಿಗೆ, ಯಾವ ಹೊತ್ತಿಗೆ ಕರೆದೊಯ್ಯಬೇಕು?

ಪ್ರಶ್ನೆ: ಗಂಜ್ ಕಡೆಯ ಓದುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನನ್ನ ತಂಗಿಯ ಅತ್ತೆ, ಮಾವ ಮತ್ತು ಮೈದುನ ಮೈಸೂರಿನಿಂದ ನಮ್ಮ ಮನೆಗೆ ಬರಲಿದ್ದಾರೆ. ಅವರು ಈ ಭಾಗಕ್ಕೆ ಬರುತ್ತಿರುವುದು ಇದೇ ಮೊದಲು. ಹಿರಿಯರಿಬ್ಬರೂ ಶಾಕಾಹಾರಿಗಳು, ಖಾರ ಹೆಚ್ಚು ತಾಳುವುದಿಲ್ಲ. ಮೈದುನನಿಗೆ ಮಾಂಸದೂಟ ಬಹಳ ಇಷ್ಟ. ಮನೆಯ ಅಡುಗೆ ಹೇಗೂ ಇರುತ್ತದೆ. ಆದರೂ ನಮ್ಮ ಊರು ಹೊರಗೆ ಹೇಗೆ ಉಣ್ಣುತ್ತದೆ ಎಂಬುದನ್ನು ಅವರಿಗೆ ತೋರಿಸಬೇಕೆಂಬುದು ನನ್ನ ಆಸೆ.

ಹೊರಗಿನ ಊಟ ನನಗೆ ಮೊದಲಿನಿಂದಲೂ ಪ್ರೀತಿಯ ವಿಷಯ. ಸೂಪರ್ ಮಾರ್ಕೆಟ್ ಸುತ್ತಲಿನ ಖಾನಾವಳಿಗಳು, ಸ್ಟೇಷನ್ ರಸ್ತೆಯ ಹೋಟೆಲುಗಳು, ದರ್ಗಾ ಕಡೆಯ ಬಿರಿಯಾನಿ ಅಂಗಡಿಗಳು, ಹಳೆಯ ಬೇಕರಿಗಳು ನನಗೆ ಚೆನ್ನಾಗಿ ಪರಿಚಿತ. ಈಚೆಗೆ ರಿಂಗ್ ರಸ್ತೆಯ ಉದ್ದಕ್ಕೂ ದೊಡ್ಡ ದೊಡ್ಡ ಫ್ಯಾಮಿಲಿ ರೆಸ್ಟೋರೆಂಟುಗಳು ಬಂದಿವೆ. ಅವುಗಳ ಮೆನು ಕಾರ್ಡಿನಲ್ಲಿ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಹಕ್ಕಾ ನೂಡಲ್ಸ್ ಪುಟಗಟ್ಟಲೆ ಇರುತ್ತವೆ, ಜೋಳದ ರೊಟ್ಟಿ ಮಾತ್ರ ಕೊನೆಯ ಪುಟದಲ್ಲಿ ಒಂದು ಸಾಲು. ಅಂತಹ ಒಂದು ಕಡೆ ಈಚೆಗೆ ರೊಟ್ಟಿ ಕೇಳಿದಾಗ, ಅಂಚು ಒಣಗಿ ನಡು ತೇವವಾಗಿದ್ದ, ಯಾವಾಗಲೋ ಬೇಯಿಸಿ ಮತ್ತೆ ಬಿಸಿ ಮಾಡಿದ ರೊಟ್ಟಿ ಬಂದಿತು. ಜೊತೆಗಿದ್ದ ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಗುರೆಳ್ಳುಗಳ ಸುಳಿವೇ ಇರಲಿಲ್ಲ. ಪನೀರಿಗೆ ಹಾಕುವ ಸಿಹಿ ಗ್ರೇವಿಯಲ್ಲಿ ಬದನೆಕಾಯಿ ಬಿಟ್ಟಿದ್ದರು. ಬೆಲೆಯಂತೂ ಖಾನಾವಳಿಯ ಪೂರ್ತಿ ಊಟಕ್ಕಿಂತ ಹೆಚ್ಚು. ಅದನ್ನೇ ನಮ್ಮ ಊರಿನ ಊಟವೆಂದು ಮೈಸೂರಿನವರು ತಿಳಿದುಕೊಂಡು ಹೋದರೆ ನನಗೆ ನಿಜಕ್ಕೂ ನೋವಾಗುತ್ತದೆ.

ನಾನು ಅಂಗಡಿಗಳ ಹೆಸರು ಕೇಳುತ್ತಿಲ್ಲ. ಅಡುಗೆಯವರು ಬಿಟ್ಟುಹೋದರೆ ಬೋರ್ಡು ಅದೇ ಉಳಿದು ರುಚಿ ಹೋಗಿರುತ್ತದೆ. ಕೂರುವ ಮೊದಲೇ ಒಂದು ಜಾಗ ಒಳ್ಳೆಯದೆಂದು ಗುರುತಿಸುವುದು ಹೇಗೆ, ಯಾವ ಹೊತ್ತಿಗೆ ಯಾವುದನ್ನು ಉಣ್ಣಬೇಕು, ಊರಿಗೆ ಹಿಂದಿರುಗುವಾಗ ಅವರ ಚೀಲಕ್ಕೆ ಬೇಕರಿಯಿಂದ ಏನನ್ನು ಹಾಕಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಆಳಂದ ರಸ್ತೆಯ ಓದುಗಿ

ರೊಟ್ಟಿಯ ವಿಷಯ ನನಗೆ ತಿಳಿದದ್ದು, ಹೀಗಾಗಿ ಅದನ್ನೇ ವಿವರವಾಗಿ ಬರೆಯುತ್ತೇನೆ. ನೀವು ಕೇಳಿದ ಗುರುತು ಕಿವಿಗೆ ಸಿಗುತ್ತದೆ. ಖಾನಾವಳಿಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿದರೆ ಒಳಗೆ ಹೋಗಿ, ಕೇಳಿಸದಿದ್ದರೆ ರೊಟ್ಟಿ ಎಲ್ಲಿಂದ ಬರುತ್ತದೆಂದು ವಿಚಾರಿಸಿ. ಜೋಳದಲ್ಲಿ ಗೋಧಿಯಂತೆ ಹಿಟ್ಟನ್ನು ಹಿಡಿದಿಡುವ ಅಂಟು ಇಲ್ಲ. ಕುದಿಯುವ ಎಸರು ಹಾಕಿ ನಾದಿದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಹುಟ್ಟುತ್ತದೆ, ಆ ಜಿಗಿ ಇದ್ದರೆ ಮಾತ್ರ ರೊಟ್ಟಿ ಹರಿಯದೆ ತೆಳುವಾಗಿ ಹರಡುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ಕಹಿಯೂ ಬರುತ್ತದೆ. ಹೀಗಾಗಿಯೇ ಒಳ್ಳೆಯ ಖಾನಾವಳಿಯವರು ಸ್ವಲ್ಪ ಸ್ವಲ್ಪವೇ ಬೀಸಿಸುತ್ತಾರೆ. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆ ನೀರು ಆರುವಷ್ಟರಲ್ಲಿ ತಿರುವಿಹಾಕಿದರೆ ಅದು ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಟ್ಟೆಗೆ ಬಂದು ಕೆಲವು ನಿಮಿಷಗಳಲ್ಲೇ ಬಿರುಸಾಗತೊಡಗುತ್ತದೆ. ಆದ್ದರಿಂದ ಬಿಸಿ ರೊಟ್ಟಿಯನ್ನು ಒಂದರ ಮೇಲೊಂದು ಪೇರಿಸಿ ತಂದಿಡುವ ಕಡೆ ಎಷ್ಟೇ ಒಳ್ಳೆಯ ಹಿಟ್ಟಿದ್ದರೂ ಪ್ರಯೋಜನವಿಲ್ಲ. ಉಣ್ಣುವವರ ವೇಗಕ್ಕೆ ತಕ್ಕಂತೆ ಒಂದೊಂದಾಗಿ ಬಡಿಸುವ ಖಾನಾವಳಿಯೇ ಸರಿಯಾದದ್ದು.

ಇನ್ನು ಹೊತ್ತಿನ ಮಾತು. ಹಿರಿಯರನ್ನು ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೇ ಕರೆದೊಯ್ಯಿರಿ. ಆಗ ಪಲ್ಯಗಳು ಆಗತಾನೇ ಇಳಿದಿರುತ್ತವೆ. ಎರಡೂವರೆ ದಾಟಿದ ಮೇಲೆ ಎಣ್ಣೆಗಾಯಿ ಮುಗಿದಿದೆಯೆಂದು ಹೇಳುವ ಜಾಗವನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅವರು ಆ ದಿನಕ್ಕೆ ಬೇಕಾದಷ್ಟನ್ನೇ ಮಾಡುತ್ತಾರೆ. ಮಧ್ಯಾಹ್ನ, ರಾತ್ರಿ ಎನ್ನದೆ ಎಲ್ಲವೂ ಸಿಗುತ್ತದೆ ಎಂದರೆ ಅದು ಫ್ರಿಜ್ಜಿನಿಂದ ಬರುತ್ತಿದೆ ಎಂದೇ ಅರ್ಥ.

ಖಾರದ ಬಗ್ಗೆ ಚಿಂತೆ ಬೇಡ. ಪುಂಡಿಪಲ್ಯವನ್ನು ಮೊದಲು ಬಡಿಸಲು ಹೇಳಿ. ಪುಂಡಿಸೊಪ್ಪಿನ ಹುಳಿಯನ್ನು ತೊಗರಿಬೇಳೆ ಮತ್ತು ಜೋಳದ ನುಚ್ಚು ಹದಕ್ಕೆ ತರುತ್ತವೆ, ಮೇಲೆ ಬೆಳ್ಳುಳ್ಳಿ ಒಗ್ಗರಣೆ ಬೀಳುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ನಿಮಗೆ ಗೊತ್ತೇ ಇದೆ. ಆದರೆ ಆ ಬೇಳೆಯ ರುಚಿ ತಿಳಿಯುವುದು ತಟ್ಟೆಯ ಈ ಪಲ್ಯದಲ್ಲಿ ಮತ್ತು ಗಟ್ಟಿಬೇಳೆಯಲ್ಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳನ್ನು ಗಟ್ಟಿ ಮೊಸರಿನಲ್ಲಿ ಕಲಸಿಕೊಟ್ಟರೆ ಮೈಸೂರಿನವರು ಸಲೀಸಾಗಿ ತಿನ್ನುತ್ತಾರೆ. ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಸಿಕ್ಕರೆ ಹಕ್ಕರಕಿ ಸೊಪ್ಪು ತಟ್ಟೆಯ ಬದಿಯಲ್ಲಿ ಇರಲಿ. ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿಯಾದ ರಂಜಕವನ್ನು ಮಾತ್ರ ದೂರವಿಡಿ.

ಒಂದು ಎಚ್ಚರಿಕೆ ಕೊಡಬೇಕು. ಅವರು ಬರುವ ದಿನಗಳು ಎಳ್ಳ ಅಮಾವಾಸ್ಯೆಗೆ ಹೊಂದಿಕೊಂಡಿವೆಯೇ ಎಂದು ಪಂಚಾಂಗ ನೋಡಿಕೊಳ್ಳಿ. ಮಾರ್ಗಶಿರದ ಆ ಅಮಾವಾಸ್ಯೆಯಂದು ಇಡೀ ಊರು ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆಯ ಅಡುಗೆ ಎರಚಲು, ಹೊಲಕ್ಕೆ ಹೋಗಿರುತ್ತದೆ, ಖಾನಾವಳಿಗಳ ಕೆಲಸದವರೂ ಊರಿಗೆ ಹೋಗಿರುತ್ತಾರೆ. ಆ ದಿನ ಹೋಟೆಲನ್ನು ಮರೆತು ಯಾರಾದರೂ ಬಂಧುಗಳ ಹೊಲಕ್ಕೆ ಅವರನ್ನು ಕರೆದೊಯ್ಯಿರಿ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಹಲವು ಕಾಯಿಪಲ್ಲೆ ಮತ್ತು ಹಸಿಕಾಳುಗಳನ್ನು ಒಟ್ಟಿಗೆ ಬೇಯಿಸಿದ ಭಜ್ಜಿ, ಅಂಬಲಿ, ಇವನ್ನು ಯಾವ ಹೋಟೆಲೂ ಅಷ್ಟು ಚೆನ್ನಾಗಿ ಕೊಡಲಾರದು.

ಉತ್ತರ: ಬೀದರ್ ಹಳೇ ಊರಿನ ಓದುಗ

ಮೈದುನನ ಪಾಲನ್ನು ನಾನು ಬರೆಯುತ್ತೇನೆ. ಕಲಬುರಗಿಯಲ್ಲಿ ಇದ್ದಾಗ ಅವರಿಗೆ ಬಿರಿಯಾನಿಗಿಂತ ಮೊದಲು ತಹರಿ ತಿನ್ನಿಸಿ. ಬಿರಿಯಾನಿ ಹೈದರಾಬಾದಿನ ಹೆಸರಿನಲ್ಲಿ ಮೈಸೂರಿನಲ್ಲಿಯೂ ಸಿಗುತ್ತದೆ, ಕಲಬುರಗಿಯ ತಹರಿ ಅಲ್ಲಿ ಸಿಗುವುದಿಲ್ಲ. ಬಿರಿಯಾನಿಯಲ್ಲಿ ಅರೆಬೆಂದ ಅಕ್ಕಿಯನ್ನು ಮಾಂಸದ ಮೇಲೆ ಪದರವಾಗಿ ಹರಡಿ ದಮ್ಮಿಗೆ ಇಡುತ್ತಾರೆ. ತಹರಿಯಲ್ಲಿ ಅಕ್ಕಿಯೂ ಮಾಂಸವೂ ಅರಿಶಿನ, ಮಸಾಲೆಗಳೊಡನೆ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಬೇಯುತ್ತವೆ, ಹಾಗಾಗಿ ಮಾಂಸದ ರಸವೆಲ್ಲ ಅನ್ನಕ್ಕೆ ಇಳಿದಿರುತ್ತದೆ. ದೊಡ್ಡ ಹಂಡೆಯನ್ನು ತೆರೆಯುವ ಹೊತ್ತಿಗೆ ಅಲ್ಲಿರಬೇಕು. ಹಂಡೆಯ ತಳ ಮುಟ್ಟಿದ ಮೇಲೆ ಬರುವ ಅನ್ನ ಮೆತ್ತಗಾಗಿರುತ್ತದೆ.

ಒಂದು ದಿನ ಬಿಡುವಿದ್ದರೆ ಬೀದರಿಗೆ ಬನ್ನಿ. ಬೆಳಿಗ್ಗೆ ಬೇಗ ಹೊರಟು ಬಂದರೆ ಹಳೇ ಊರಿನಲ್ಲಿ ನಿಹಾರಿ ಎಂಬ ಮಾಂಸದ ಸಾರು ಮತ್ತು ಭಟ್ಟಿಯಿಂದ ತೆಗೆದ ಬಿಸಿ ನಾನ್ ಸಿಗುತ್ತದೆ. ರಾತ್ರಿಯೆಲ್ಲ ಸಣ್ಣ ಉರಿಯಲ್ಲಿ ಕುದಿದ ನಿಹಾರಿಯನ್ನು ಹೊತ್ತೇರಿದ ಮೇಲೆ ಹುಡುಕುವುದರಲ್ಲಿ ಅರ್ಥವಿಲ್ಲ. ಅಲ್ಲಿಂದ ಚೌಬಾರಾ ದಾಟಿ 1472ರಲ್ಲಿ ಮುಗಿದ ಮಹಮೂದ್ ಗವಾನನ ಮದರಸಾ ನೋಡಿ, ಮಧ್ಯಾಹ್ನಕ್ಕೆ ಹಿರಿಯರನ್ನು ನಾನಕ್ ಝೀರಾ ಗುರುದ್ವಾರದ ಲಂಗರಿಗೆ, ಅಂದರೆ ಎಲ್ಲರಿಗೂ ಬಡಿಸುವ ಉಚಿತ ಊಟಕ್ಕೆ, ಕರೆದೊಯ್ಯಬಹುದು. ಅಲ್ಲಿನ ರೊಟ್ಟಿ, ದಾಲ್ ಶುದ್ಧ ಶಾಕಾಹಾರ. ನೆಲದ ಮೇಲೆ ಎಲ್ಲರೊಡನೆ ಸಾಲಾಗಿ ಕುಳಿತು ಉಣ್ಣುವುದು ಶರಣಬಸವೇಶ್ವರ ಗುಡಿಯ ದಾಸೋಹ ಕಂಡ ನಿಮಗೆ ಹೊಸದಲ್ಲ, ಆದರೆ ಕಲ್ಯಾಣದ ನೆಲದಲ್ಲಿ ಎರಡು ಪರಂಪರೆಗಳ ಪಂಕ್ತಿಯೂಟವನ್ನು ಕಾಣುವುದು ಅವರಿಗೆ ಖಂಡಿತ ಸಂತೋಷ ಕೊಡುತ್ತದೆ.

ಕಲ್ಯಾಣಿ ಬಿರಿಯಾನಿಯನ್ನೂ ಅವರು ಕೇಳಬಹುದು. ಬಸವಕಲ್ಯಾಣದ ನವಾಬರ ಹೆಸರಿನೊಡನೆ ಬೆಸೆದುಕೊಂಡ ಆ ಬಿರಿಯಾನಿಯನ್ನು ಸಾಮಾನ್ಯವಾಗಿ ಎಮ್ಮೆಯ ಮಾಂಸದಲ್ಲಿ ಮಾಡುತ್ತಾರೆ. ಮೈದುನ ಅದನ್ನು ತಿನ್ನುತ್ತಾರೋ ಇಲ್ಲವೋ ಎಂದು ಮೊದಲೇ ಕೇಳಿಕೊಳ್ಳುವುದು ಮರ್ಯಾದೆ. ಮಾಂಸ, ಗೋಧಿ ಕೂಡಿಸಿ ಬೇಯಿಸುವ ಹಲೀಮಿನ ಆಸೆ ಮಾತ್ರ ಈ ಸಲ ಬೇಡ, ಅದರ ರುಚಿ ರಂಜಾನಿನ ಸಂಜೆಗಳಿಗೆ ಸೇರಿದ್ದು.

ಉತ್ತರ: ಬೇಕರಿ ಭಟ್ಟಿಯಲ್ಲಿ ದುಡಿದವನು, ಯಾದಗಿರಿ

ಬೇಕರಿಯ ಪ್ರಶ್ನೆಗೆ ಯಾರೂ ಉತ್ತರಿಸದ ಕಾರಣ ಬರೆಯುತ್ತಿದ್ದೇನೆ. ನಮ್ಮ ಭಾಗದ ಬೇಕರಿಗಳಲ್ಲಿ ಎರಡು ಬಗೆ. ಹಿಂದುಗಡೆ ಸ್ವಂತ ಭಟ್ಟಿ ಇರುವವು ಒಂದು ಬಗೆ, ಬೇರೆ ಕಡೆ ತಯಾರಾದದ್ದನ್ನು ತಂದು ಗಾಜಿನ ಕಪಾಟಿನಲ್ಲಿಟ್ಟು ಮಾರುವವು ಇನ್ನೊಂದು. ಪಾವ್ ಯಾವ ಹೊತ್ತಿಗೆ ಹೊರಬರುತ್ತದೆಂದು ಕೇಳಿ. ಭಟ್ಟಿ ಇರುವವರು ತಕ್ಷಣ ಗಂಟೆ ಹೇಳುತ್ತಾರೆ. ಇಲ್ಲದವರು ಗಾಡಿ ಬರುವ ಹೊತ್ತು ಹೇಳುತ್ತಾರೆ.

ಖಾರಿ ಎಂಬ ಪದರ ಬಿಸ್ಕತ್ತು ತಿಂದಾಗ ಅಂಗುಳಿಗೆ ಜಿಡ್ಡು ಅಂಟಿಕೊಂಡರೆ ಅದಕ್ಕೆ ಕಾರಣ ಮೈದಾ ಪದರಗಳ ನಡುವೆ ಹಾಕುವ ಗಟ್ಟಿ ವನಸ್ಪತಿ. ಅದು ಬಾಯಿಯ ಶಾಖಕ್ಕೆ ಬೇಗ ಕರಗುವುದಿಲ್ಲ, ಬೆಣ್ಣೆ ಕರಗುತ್ತದೆ. ವನಸ್ಪತಿ ಅಗ್ಗ, ಬೇಸಿಗೆಯ ಬಿಸಿಲಿಗೂ ಪದರ ಬಿಡಿಸಿ ನಿಲ್ಲಿಸುತ್ತದೆ, ಹೀಗಾಗಿ ಅದನ್ನು ಬಳಸುವವರನ್ನೆಲ್ಲ ನಾನು ದೂರುವುದಿಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಆದ್ದರಿಂದ ಲೇಬಲ್ ಇಲ್ಲದ ಡಬ್ಬದ ಕೊಬ್ಬು ಬಳಸುವ ಜಾಗಕ್ಕಿಂತ, ಏನು ಬಳಸುತ್ತೀರೆಂದು ಕೇಳಿದರೆ ಡಬ್ಬವನ್ನೇ ತೋರಿಸುವ ಜಾಗವನ್ನು ಆರಿಸಿಕೊಳ್ಳಿ. ನಾನು ಕೆಲಸ ಮಾಡಿದ ಕಡೆ ಗಿರಾಕಿಗಳು ಕೇಳಿದಾಗ ಮೇಸ್ತ್ರಿಗಳಿಗೆ ಕೋಪ ಬರುತ್ತಿರಲಿಲ್ಲ, ಹೆಮ್ಮೆಯೇ ಆಗುತ್ತಿತ್ತು.

ಉಸ್ಮಾನಿಯಾ ಬಿಸ್ಕತ್ತನ್ನು ಸಂಜೆ ನಾಲ್ಕರಿಂದ ಐದರೊಳಗೆ, ಎರಡನೆಯ ಸುತ್ತಿನ ತಟ್ಟೆಗಳು ಹೊರಬಂದಾಗ ಕೊಳ್ಳಿ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ಈ ಬಿಸ್ಕತ್ತಿನಲ್ಲಿ ಸಿಹಿಯ ಹಿಂದೆಯೇ ಉಪ್ಪು ತಿಳಿಯಬೇಕು. ಬರೀ ಸಿಹಿ ಇದ್ದರೆ ಅದು ಬೇರೆ ಬಿಸ್ಕತ್ತು. ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಬೇಡಿ, ಹಬೆ ಕುಳಿತು ಮೆತ್ತಗಾಗುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬದಲ್ಲಿ ತುಂಬಿದರೆ ಮೈಸೂರು ತಲುಪಿ ಒಂದು ವಾರದ ಮೇಲೂ ಗರಿಗರಿಯಾಗಿರುತ್ತದೆ. ನಾನ್‌ಖಟಾಯಿ ಪುಡಿಯಾಗುವುದರಿಂದ ರೈಲಿಗೆ ಒಳ್ಳೆಯದಲ್ಲ. ಟೋಸ್ಟ್ ಎಷ್ಟು ದೂರವಾದರೂ ಹೋಗುತ್ತದೆ, ಏಕೆಂದರೆ ಅದು ಬೆಂದ ಬ್ರೆಡ್ಡನ್ನು ಕೊಯ್ದು ಮತ್ತೊಮ್ಮೆ ಒಣಗಿಸಿದ್ದು.

ಕಲಬುರಗಿಯ ಮಾಲ್‌ಪುರಿಯನ್ನು ಚೀಲಕ್ಕೆ ಹಾಕುವ ಯೋಚನೆ ಬೇಡ. ಖೋವಾ ಇರುವ ಸಿಹಿಯನ್ನು ಅಂಗಡಿಯಲ್ಲೇ ನಿಂತು ತಿನ್ನಬೇಕು. ಬಿಡಿ ಸಿಹಿತಿಂಡಿಗಳ ಮುಂದೆ ಯಾವ ದಿನದೊಳಗೆ ತಿನ್ನಬೇಕೆಂಬುದನ್ನು ಬರೆದಿಡಬೇಕೆಂದು 2020ರ ಅಕ್ಟೋಬರಿನಿಂದ ನಿಯಮವಿದೆ, ಆ ಚೀಟಿ ಇದೆಯೇ ಎಂದು ನೋಡಿ.

ಮರುಪ್ರಶ್ನೆ: ಗಂಜ್ ಕಡೆಯ ಓದುಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ವಿವರ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಎರಡು ಸಂದೇಹ ಉಳಿದಿವೆ. ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿಯನ್ನು ಅವರೊಡನೆ ಕಳುಹಿಸಬೇಕೆಂದಿದ್ದೇನೆ, ಅದನ್ನು ಅಂಗಡಿಯಿಂದ ಕೊಳ್ಳುವುದೋ ಮನೆಯಲ್ಲಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕೊಳ್ಳುವುದೋ? ಮತ್ತು ಸಂಜೆಯ ತಿಂಡಿಗೆ ಏನು?

ಉತ್ತರ: ಆಳಂದ ರಸ್ತೆಯ ಓದುಗಿ

ಮನೆಯಲ್ಲಿ ಮಾಡುವವರಿಂದಲೇ ಕೊಳ್ಳಿ, ನಾಲ್ಕು ದಿನ ಮೊದಲೇ ಹೇಳಿಡಿ. ಕಟಕ ರೊಟ್ಟಿಯನ್ನು ಬೇಯಿಸಿದ ಮೇಲೆ ತೇವ ಪೂರ್ತಿ ಹೋಗುವ ತನಕ ಒಣಗಿಸಬೇಕು, ಅವಸರದ ಆರ್ಡರಿನಲ್ಲಿ ನಡು ಹಸಿಯಾಗಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಮುರಿದಾಗ ಟಪ್ಪೆಂದು ಸದ್ದು ಬರಬೇಕು, ಬಾಗಬಾರದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನೂ ಅರ್ಧದಷ್ಟು ಸೇರಿಸಿ. ಹಿಂಗಾರಿ ಜೋಳದ ಹೊಸ ಬೆಳೆ ಬರುವುದು ಫೆಬ್ರುವರಿಯ ನಂತರ, ಸಜ್ಜೆಯಾದರೋ ಆ ಹೊತ್ತಿಗೆ ಹೊಸದೇ ಇರುತ್ತದೆ.

ಸಂಜೆಗೆ ಸುಸಲಾ ಮತ್ತು ಮಿರ್ಚಿ ಭಜಿ ಸಾಕು. ನೆನೆಸಿ ಹಿಂಡಿದ ಚುರುಮುರಿಗೆ ಪುಟಾಣಿ ಹಿಟ್ಟು ಉದುರಿಸಿ ಒಗ್ಗರಣೆ ಕೊಟ್ಟದ್ದು ಹಿರಿಯರಿಗೆ ಹಗುರ, ಮಿರ್ಚಿ ನಿಮಗೂ ಮೈದುನನಿಗೂ. ಎಣ್ಣೆ ಕಪ್ಪಾಗಿರುವ ಬಂಡಿಯ ಬಳಿ ನಿಲ್ಲಬೇಡಿ. ಹೊರಟಾಗ ಗಂಜಿನ ದಾರಿಯಲ್ಲಿ ಉಪ್ಪು ಹಾಕಿ ಬೇಯಿಸಿದ ಹಸಿ ತೊಗರಿಕಾಯಿ ಮಾರುವವರು ಸಿಕ್ಕರೆ ಒಂದು ಪೊಟ್ಟಣ ಕಟ್ಟಿಸಿಕೊಳ್ಳಿ, ರೈಲು ಬರುವ ತನಕ ಸುಲಿದು ತಿನ್ನುತ್ತ ಕೂರಬಹುದು.