'ಪ್ರೆಸೆಂಟ್ಲಿ' ಅಂದರೆ ಈಗಲೋ, ಆಮೇಲೋ? ಅನುಭವ ಇದ್ದವರು ಹೇಳಿ

ಹಾಸನದಿಂದ: ಬ್ರಿಟನ್ನಿನ ಆಸ್ಪತ್ರೆಯೊಂದಕ್ಕೆ ರೆಸ್ಯೂಮೆ ಕಳಿಸಬೇಕು. 'ಐ ಆಮ್ ಪ್ರೆಸೆಂಟ್ಲಿ ವರ್ಕಿಂಗ್' ಅಂತ ಬರೆದಿದ್ದೇನೆ. ತಂಗಿ ಬೇಡ ಅಂತಾಳೆ. ಇಡಲಾ, ತೆಗೆಯಲಾ?

ಇಂಗ್ಲೆಂಡಿನ ಲೀಡ್ಸ್‌ನಿಂದ: ತೆಗೆಯಿರಿ. ನಾನು ಕ್ಲೈಂಟ್‌ಗೆ 'ವಿ ಆರ್ ಪ್ರೆಸೆಂಟ್ಲಿ ಮೂವಿಂಗ್ ದ ಡೇಟಾ' ಅಂತ ಮೇಲ್ ಹಾಕಿದ್ದೆ. ಇನ್ನು ಸ್ವಲ್ಪ ಹೊತ್ತಿಗೆ ಶುರು ಮಾಡುತ್ತಾರೆ ಅಂದುಕೊಂಡು ಅವರು ಹಳೇ ಸಿಸ್ಟಮ್‌ನಲ್ಲೇ ಆರ್ಡರ್ ತುಂಬಿಸುತ್ತಾ ಕೂತರು. ಎಲ್ಲವನ್ನೂ ಮತ್ತೆ ಕೈಯಾರೆ ಹಾಕಿದ್ದು ನಾನು. ಓವರ್‌ಟೈಮ್ ಇಲ್ಲ. ಕೊನೇ ರೈಲು ತಪ್ಪಿತು, ಟ್ಯಾಕ್ಸಿಗೆ 38 ಪೌಂಡ್. ಅದು ಇವತ್ತಿಗೂ ವಾಪಸ್ ಬಂದಿಲ್ಲ. ತಪ್ಪಾಗಿ ಓದಿದವರು ಅವರು, ಬೈಸಿಕೊಂಡವನು ನಾನು.

ಡಲ್ಲಾಸ್‌ನಿಂದ: ಅಮೆರಿಕದಲ್ಲಿ ಅದಕ್ಕೆ 'ಈಗ' ಅಂತಲೇ ಅರ್ಥ. ಸ್ಕಾಟ್ಲೆಂಡಿನಲ್ಲೂ ಹಾಗೇ. 15ನೇ ಶತಮಾನದಿಂದಲೂ ಈ ಅರ್ಥ ಇದೆ. ನಾನು ಧೈರ್ಯವಾಗಿ ಬಳಸುತ್ತೇನೆ, ಯಾರೂ ಏನೂ ಅಂದಿಲ್ಲ. ಬ್ರಿಟಿಷರ ಕಥೆನೇ ಬೇರೆ ಬಿಡಿ. ಇಲ್ಲಿ ಪೈಲಟ್ 'ಮೊಮೆಂಟರಿಲಿ (ಅಂದರೆ ಇನ್ನೇನು ಕ್ಷಣದಲ್ಲಿ) ಲ್ಯಾಂಡ್ ಆಗುತ್ತೇವೆ' ಅಂದರೆ, ಪಕ್ಕದ ಸೀಟಿನ ಇಂಗ್ಲಿಷಿನವನು 'ಒಂದು ಕ್ಷಣ ಇಳಿದು ಮತ್ತೆ ಹಾರುತ್ತಾ?' ಅಂತ ನಗುತ್ತಿದ್ದ.

ಶಿವಮೊಗ್ಗದಿಂದ, ನಿವೃತ್ತ ಇಂಗ್ಲಿಷ್ ಮೇಷ್ಟ್ರು: ಶೇಕ್ಸ್‌ಪಿಯರ್ ಕಾಲದಲ್ಲಿ ಇದರ ಅರ್ಥ 'ತಕ್ಷಣ'. ಜನ ತಕ್ಷಣ ಅಂತ ಹೇಳಿ ಹೇಳಿ ತಡ ಮಾಡಿದರು, ಪದವೂ ಹಿಂದೆ ಬಿತ್ತು. ನಮ್ಮ 'ಸದ್ಯ' ನೋಡಿ. ಸಂಸ್ಕೃತದಲ್ಲಿ ಅದೂ ತಕ್ಷಣವೇ. ಕನ್ನಡದಲ್ಲಿ 'ಸದ್ಯ ರಜೆಯಲ್ಲಿದ್ದಾನೆ' ಅಂದರೆ ಈಗ, 'ಸದ್ಯದಲ್ಲೇ ಬರುತ್ತಾನೆ' ಅಂದರೆ ಆಮೇಲೆ. ಕ್ರಿಯಾಪದ ನೋಡಬೇಕು. 'ವಿಲ್' ಬಂದರೆ ಆಮೇಲೆ, 'ಆರ್' ಬಂದರೆ ಈಗ. ಇಷ್ಟು ಗೊತ್ತಿಲ್ಲದವರ ಕೈಗೆ ಡೇಟಾ ಯಾರು ಕೊಟ್ಟರೋ!

ಲೀಡ್ಸ್‌ನಿಂದ: ಮೇಷ್ಟ್ರೇ, ನಾನು ಬರೆದದ್ದು 'ಆರ್' ಅಂತಲೇ. 'ವಿ ಆರ್ ಮೂವಿಂಗ್ ಟುಮಾರೋ' ಅನ್ನಲ್ವಾ? ಆಗ ಈಗ ಆಗುತ್ತಾ, ನಾಳೆ ಆಗುತ್ತಾ? ಮೊದಲು ಮೇಲೆ ಬರೆದಿದ್ದು ಓದಿ.

ಶಿವಮೊಗ್ಗದಿಂದ: ಓದಿದೆ. ಟ್ಯಾಕ್ಸಿ ಬಾಡಿಗೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಹಾಸನದಿಂದ: ಸಂಜೆಯೊಳಗೆ ಕಳಿಸಬೇಕು...

ಬೆಂಗಳೂರಿನಿಂದ: ನಾನು ರೆಸ್ಯೂಮೆ ತಿದ್ದಿಸೋಕೆ 6,500 ರೂಪಾಯಿ ಕೊಟ್ಟೆ. ಜಿಎಸ್‌ಟಿ 18 ಪರ್ಸೆಂಟ್ ಸೇರಿ 7,670. ಮೊದಲ ಕರಡಿನಲ್ಲಿ ನನ್ನ ಕಾಲೇಜಿನ ಹೆಸರೇ ತಪ್ಪು. ಎರಡನೆಯದರಲ್ಲಿ 'ಪ್ರೆಸೆಂಟ್ಲಿ' ತೆಗೆದು 'ಕರೆಂಟ್ಲಿ' ಹಾಕಿದ್ದರು. ಬೇರೆ ಏನೂ ಬದಲಾಗಿರಲಿಲ್ಲ. ಆದರೂ ಕೆಲಸ ಸಿಕ್ಕಿತು, ದಂಡ ಅನ್ನಲಾರೆ.

ಡಲ್ಲಾಸ್‌ನಿಂದ: 'ಐ ವರ್ಕ್' ಅಂತ ಬರೆದಿದ್ದರೆ ಎರಡೂ ಬೇಕಿರಲಿಲ್ಲ. ಒಂದು ಪದಕ್ಕೆ 7,670?

ಬೆಂಗಳೂರಿನಿಂದ: ನನ್ನ ದುಡ್ಡು ಸ್ವಾಮಿ. ಡಾಲರ್‌ನಲ್ಲಿ ಕೂತು ನಮ್ಮ ಲೆಕ್ಕ ಕೇಳಬೇಡಿ.