ರಸಾವ್ ಮುಂಡಿಗೆ: ಹೊಸ ಎಲೆಗಳೇ ಹಳದಿ, ಏನು ಮಾಡಲಿ?

ಕಪ್ಪುನೀರು: ಮಲೇಷ್ಯಾದ ಸೆಲಾಂಗೋರ್‌ನಲ್ಲಿದ್ದೇನೆ. ಹಿತ್ತಲ ತೊಟ್ಟಿಯಲ್ಲಿ ರಸಾವ್, ಅಂದರೆ ಕೇದಗೆ ಬಳಗದ ಪಂಡಾನಸ್ ಹೆಲಿಕೋಪಸ್ ಎಂಬ ಮುಂಡಿಗೆ ನೆಟ್ಟಿದ್ದೇನೆ. ನರ್ಸರಿಯಿಂದ ತಂದಾಗ ಕಡುಹಸಿರಾಗಿತ್ತು. ಈಗ ಸುಳಿಯಲ್ಲಿ ಬರುವ ಎಲೆಯೆಲ್ಲ ಹಳದಿ. ಗೊಬ್ಬರ ಹಾಕಿದೆ, ನೆರಳು ಮಾಡಿದೆ, ಏನೂ ಆಗಲಿಲ್ಲ. ತಲೆ ಕೆಟ್ಟುಹೋಗಿದೆ.

ತೋಟದಮನೆ: ಬೇರು ಕೊಳೆತಿದೆ. ನೀರು ಬಸಿಯಿರಿ.

ಕೆರೆಏರಿ: ಇದು ನೀರಲ್ಲೇ ನಿಲ್ಲುವ ಗಿಡ ಸ್ವಾಮಿ. ಪಹಾಂಗ್‌ನ ತಾಸೆಕ್ ಬೆರಾ ಜವುಗಿನಲ್ಲಿ ಎಲ್ಲಿ ನೋಡಿದರೂ ಇದರ ಪೊದೆಯೇ. ಮಲೇಷ್ಯಾದಿಂದ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜವುಗುಗಳ ಪಟ್ಟಿಗೆ, ಮೊದಲು ಸೇರಿದ ಜಾಗ ಅದು, 1994ರಲ್ಲಿ.

ತೋಟದಮನೆ: ಪಟ್ಟಿ ಕಟ್ಟಿಕೊಂಡು ಏನು ಮಾಡೋದು? ನಮ್ಮ ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲೂ (ರಾಮಪತ್ರೆ ಮರಗಳ ಜವುಗು ಕಾಡು) ಮುಂಡಿಗೆ ಇದೆ. ಅಲ್ಲಿ ನೀರು ಹರಿಯುತ್ತದೆ. ತೊಟ್ಟಿಯಲ್ಲಿ ನಿಂತರೆ ಕೊಳೆಯದೆ ಇರುತ್ತದಾ? ಬೇರು ಮೂಸಿ ನೋಡಿ.

ಕಪ್ಪುನೀರು: ನೋಡಿದೆ. ಗಟ್ಟಿಯಾಗಿದೆ, ತುದಿ ಬೆಳ್ಳಗಿದೆ, ನಾತ ಇಲ್ಲ.

ತೋಟದಮನೆ: ಒಳಗಿನ ಬೇರು ನೋಡಿ.

ಕೆರೆಏರಿ: ನರ ಹಸಿರಾಗಿದ್ದು ನಡುವೆ ಮಾತ್ರ ಹಳದಿಯಾ? ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಎಷ್ಟು? ತೊಟ್ಟಿ ಯಾವುದರದ್ದು?

ಕಪ್ಪುನೀರು: ಹೌದು, ಹಸಿರು ಗೀರುಗಳ ನಡುವೆ ಹಳದಿ ಪಟ್ಟೆ. ಪಿಎಚ್ 9ರ ಹತ್ತಿರ. ತೊಟ್ಟಿ ಮಾಮೂಲಿ ಸಿಮೆಂಟಿನದು, ಈ ಗಿಡಕ್ಕೆಂದೇ ಹೊಸದಾಗಿ ಕಟ್ಟಿಸಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೆರೆಏರಿ: ಮೊದಲೇ ಹೇಳಬಾರದಾ! ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ, ಅದರಿಂದಲೇ ಪಿಎಚ್ ಏರಿದೆ. ಆ ನೀರಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಅದು ಸಿಗದೆ ಹೊಸ ಎಲೆ ಹಳದಿಯಾಗುತ್ತದೆ. ಬೆರಾದ ನೀರು ಹುಳಿ, ಬಣ್ಣ ಡಿಕಾಕ್ಷನ್ ಥರ. ಗಿಡವನ್ನು ಪ್ಲಾಸ್ಟಿಕ್ ಟಬ್ಬಿಗೆ ಬದಲಿಸಿ, ಮಳೆನೀರು ತುಂಬಿ. ಕಬ್ಬಿಣ ಹಾಕುವುದಾದರೆ ಇಡಿಡಿಎಚ್‌ಎ ಕೀಲೇಟ್ (ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ಗೊಬ್ಬರ) ತನ್ನಿ. ಅಂಗಡಿಯವರು ಇಡಿಟಿಎ ಎಂಬ ಬೇರೆ ಕೀಲೇಟ್ ಕೊಟ್ಟರೆ ಬೇಡ ಅನ್ನಿ, ಈ ಪಿಎಚ್‌ನಲ್ಲಿ ಅದು ನಿಲ್ಲುವುದಿಲ್ಲ. ಹಳದಿಯಾದ ಎಲೆ ಬಿಟ್ಟುಬಿಡಿ, ಮುಂದಿನ ಸುಳಿ ನೋಡಿ.

ಮೀನುಮನೆ: ಸುಮ್ನೆ ಕಾಡುಬಾದಾಮಿಯ ಒಣ ಎಲೆ ಹಾಕಿ. ನನ್ನ ನಾಲ್ಕಡಿ ಟ್ಯಾಂಕಿನಲ್ಲಿ ಅದರಿಂದಲೇ ಚಾಕೊಲೇಟ್ ಗೌರಾಮಿ ಮೀನುಗಳು ಮರಿ ಹಾಕಿವೆ. ಲೈಟ್, ಫಿಲ್ಟರ್ ಎಲ್ಲ ನಾನೇ ಮಾಡಿದ್ದು. ಫೋಟೋ ಹಾಕುತ್ತೇನೆ.

ಕೆರೆಏರಿ: ಎಲೆಯಿಂದ ಬಣ್ಣ ಬರುತ್ತದೆ, ಸಿಮೆಂಟಿನ ಸುಣ್ಣಕ್ಕೆ ಅದು ಸಾಲುವುದಿಲ್ಲ.

ಮೀನುಮನೆ: ನೀವು ಗೌರಾಮಿ ಸಾಕಿದ್ದೀರಾ?

ಕರಾವಳಿ: ಅಡ್ಡ ಬಂದದ್ದಕ್ಕೆ ಕ್ಷಮಿಸಿ. ಮುಳ್ಳು ತೆಗೆದು ಬಾಡಿಸಿದರೆ ಈ ಎಲೆಯಲ್ಲಿ ಮೂಡೆ (ಇಡ್ಲಿ ಬೇಯಿಸುವ ಎಲೆಯ ಕೊಟ್ಟೆ) ಕಟ್ಟಬಹುದಾ?

ತೋಟದಮನೆ: ಮೂಡೆಗೆ ನಮ್ಮ ಊರಿನ ಮುಂಡಿಗೆಯೇ ಆಗಬೇಕು.

ಕಪ್ಪುನೀರು: ತೊಟ್ಟಿಗೆ ಜಾಸ್ತಿ ಖರ್ಚಾಗಿದೆ, ಒಡೆಯಲು ಮನಸ್ಸಿಲ್ಲ. ಒಳಗೆ ಎಪಾಕ್ಸಿ ಲೇಪ ಬಳಿದರೆ ಆಗಲ್ವಾ?

ಕೆರೆಏರಿ: ಆಗುತ್ತದೆ. ಮೀನಿನ ತೊಟ್ಟಿಗೆ ಬಳಸುವ ಎಪಾಕ್ಸಿಯೇ ಬೇಕು. ತೊಟ್ಟಿ ಪೂರ್ತಿ ಒಣಗಿದ ಮೇಲೆ ಬಳಿಯಿರಿ, ಇಲ್ಲದಿದ್ದರೆ ಲೇಪ ಕಿತ್ತು ಏಳುತ್ತದೆ. ಅಲ್ಲಿಯವರೆಗೆ ಗಿಡ ಟಬ್ಬಿನಲ್ಲಿರಲಿ.