ಅಗ್ವಾಡಾ ಲೈಟ್‌ಹೌಸ್ ನನ್ನ ಹಾಳೆಯಲ್ಲಿ ಬೆಳ್ಳಗೆ ಬರುತ್ತಿಲ್ಲ, ಏನು ಮಾಡಲಿ?

ವಾಸ್ಕೋ_ಕುಂಚ:
ನಮಸ್ಕಾರ. ಊರು ಹುಬ್ಬಳ್ಳಿ, ಈಗ ಗೋವಾದ ವಾಸ್ಕೋದಲ್ಲಿದ್ದೇನೆ. ಎರಡು ಭಾನುವಾರ ಅಗ್ವಾಡಾ ಕೋಟೆಯಲ್ಲೇ ಕೂತು ವಾಟರ್‌ಕಲರ್‌ನಲ್ಲಿ ಹಳೇ ಲೈಟ್‌ಹೌಸ್ ಬಿಡಿಸಿದೆ. ಎರಡು ಸಲವೂ ಕೆಟ್ಟಿತು. ಅಷ್ಟು ಬಿಳಿ ಗೋಪುರ ನನ್ನ ಕೈಯಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಕೋಟೆ ಗೋಡೆ ಸುಮ್ನೆ ಇಟ್ಟಿಗೆ ಪೇಂಟ್ ಬಳಿದ ಹಾಗೆ ಕಾಣುತ್ತದೆ. ಬಸ್ಸು ಹಿಡಿದು ಅಲ್ಲಿ ಮುಟ್ಟುವಾಗ ಹನ್ನೊಂದು ಗಂಟೆ. ಮೇಲೆ ಬಿಳಿ ಬಣ್ಣ ಹಚ್ಚಿದರೆ ಸರಿಹೋಗುತ್ತಾ?

ಮಾಂಡವಿ_ದಂಡೆ:
ಬಿಳಿ ಹಚ್ಚಬೇಡಿ ಮೇಡಂ. ಗೋಪುರದ ಜಾಗದಲ್ಲಿ ಹಾಳೆಯನ್ನೇ ಬಿಟ್ಟುಬಿಡಿ, ಹಾಳೆಗಿಂತ ಬೆಳ್ಳಗಿನ ಬಣ್ಣ ನಮ್ಮ ಡಬ್ಬಿಯಲ್ಲಿ ಇಲ್ಲ. ಕೆಲಸ ಇರುವುದು ಆಕಾಶದಲ್ಲಿ. ಕಣ್ಣಿಗೆ ಕಾಣುವುದಕ್ಕಿಂತ ಸ್ವಲ್ಪ ಜಾಸ್ತಿ ನೀಲಿ ಹಾಕಿ, ಗೋಪುರ ತಾನೇ ಎದ್ದು ನಿಲ್ಲುತ್ತದೆ. ಆಮೇಲೆ ನೆರಳಿನ ಬದಿಗೆ ತೆಳ್ಳಗೆ ನೀಲಿ ಒಂದೇ ಎಳೆ, ಅದು ಒಣಗುವ ಮೊದಲೇ ಒದ್ದೆ ಕುಂಚದಿಂದ ಅಂಚು ಸವರಿ. ದುಂಡಗೆ ಬರುತ್ತದೆ. ಆದರೆ ಹನ್ನೊಂದಕ್ಕೆ ಬಿಸಿಲು ನೆತ್ತಿಗೇರಿರುತ್ತದೆ, ನೆರಳೇ ಸಿಗುವುದಿಲ್ಲ ಅಲ್ವಾ? ಇಳಿಹೊತ್ತಿಗೆ ಹೋಗಿ.

ಕಾರವಾರದ_ಹುಡುಗ:
ಗೋಡೆ ಬಗ್ಗೆ ನಾನು ಹೇಳುತ್ತೇನೆ. ಅದು ಇಟ್ಟಿಗೆ ಅಲ್ಲ, ನಮ್ಮ ಕರಾವಳಿಯ ಮುರಕಲ್ಲು. ಪೋರ್ಚುಗೀಸರು 1612ರಲ್ಲಿ ಕಟ್ಟಿ ಮುಗಿಸಿದ ಕೋಟೆ, ಲೈಟ್‌ಹೌಸ್ ಬಂದದ್ದು 1864ರಲ್ಲಿ. ಅಂದರೆ ಗೋಡೆ ಇನ್ನೂರೈವತ್ತು ಮಳೆಗಾಲ ಜಾಸ್ತಿ ನೆನೆದಿದೆ, ಚಿತ್ರದಲ್ಲೂ ಆ ವಯಸ್ಸು ಕಾಣಬೇಕು. ಹತ್ತಿರ ಹೋಗಿ ನೋಡಿ, ಕಲ್ಲಿನ ತುಂಬ ತೂತು, ತೂತಿನೊಳಗೆ ಕಪ್ಪು, ಅಂಚಿನಲ್ಲಿ ಹಳದಿ, ಒಣಗಿದ ಪಾಚಿ ಇದ್ದಲ್ಲಿ ಬೂದು ಹಸಿರು. ಕೆಂಪು ಟ್ಯೂಬನ್ನು ಹಾಗೇ ಹಿಂಡಬೇಡಿ. ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಬಣ್ಣ ಹಚ್ಚಿ, ಅದು ಹಸಿಯಿರುವಾಗಲೇ ಅಲ್ಲಲ್ಲಿ ಅಲ್ಟ್ರಾಮರೀನ್ ನೀಲಿ ಬಿಡಿ, ಎರಡೂ ತಾವೇ ಬೆರೆಯಲಿ. ಪೂರ್ತಿ ಒಣಗಿದ ಮೇಲೆ ಕುಂಚವನ್ನು ಒರಗಿಸಿ ಎಳೆದರೆ ಒರಟು ಮೈ ಬರುತ್ತದೆ.

ಇನ್ನೊಂದು, ಅಂಗಳದಲ್ಲಿರುವ ನೆಲದಡಿಯ ನೀರಿನ ತೊಟ್ಟಿಯನ್ನು ಬಿಡಬೇಡಿ. ಹಡಗಿನವರು ಇಲ್ಲಿ ಕುಡಿಯುವ ನೀರು ತುಂಬಿಸಿಕೊಳ್ಳುತ್ತಿದ್ದರು, ಅಗ್ವಾಡಾ ಅನ್ನುವ ಹೆಸರೂ ನೀರಿನಿಂದಲೇ ಬಂದದ್ದು.

ವಾಸ್ಕೋ_ಕುಂಚ:
ಇಬ್ಬರಿಗೂ ತುಂಬ ಥ್ಯಾಂಕ್ಸ್. ತೂತುಗಳನ್ನು ನಾನು ನೋಡಿಯೇ ಇರಲಿಲ್ಲ. ಸಂಜೆ ಅಲ್ಲಿಂದ ವಾಸ್ಕೋಗೆ ಮರಳುವುದು ಕಷ್ಟ, ಬೇರೆ ಜಾಗ ಇದೆಯಾ?

ಮಾಂಡವಿ_ದಂಡೆ:
ಪಣಜಿಯ ಮೀರಾಮಾರ್ ಬೀಚಿಗೆ ಬನ್ನಿ. ನದಿ ಬಾಯಿಯ ಆಚೆ ಅಗ್ವಾಡಾ ಗುಡ್ಡ ಪೂರ್ತಿ ಕಾಣುತ್ತದೆ. ಗುಡ್ಡಕ್ಕೆ ಒಂದೇ ನೀಲಿ ಸಾಕು. ಗಾಳಿಗೆ ಹಾಳೆ ಹಾರುತ್ತದೆ, ನಾಲ್ಕು ಕ್ಲಿಪ್ ತನ್ನಿ.